ಬನಿಯಾಸಿನ ಏಣೆಲು

ಕದಿರು ಹೊರಬಂದು ಹನ್ನೆರಡು ದಿನವಾಗಿತ್ತು. ಇಷ್ಟು ಹೊತ್ತಿಗೆ ಅದು ಭಾರಕ್ಕೆ ಬಾಗಬೇಕಿತ್ತು. ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪಿನ ಹಿಂದುಗಡೆ, ಹಸಿರು ನೆರಳುಬಲೆಯ ಕೆಳಗೆ ಕುಕ್ಕುರುಗಾಲಿನಲ್ಲಿ ಕುಳಿತ ಆನ್ಸೆಲ್ಮ್ ಬಕೆಟ್ಟಿನಲ್ಲಿ ಬೆಳೆದ ಭತ್ತದ ಒಂದು ಕದಿರನ್ನು ಅಂಗೈಯ ಮೇಲೆ ಮಲಗಿಸಿಕೊಂಡು, ಒಂದು ಕಾಳನ್ನು ಹೆಬ್ಬೆರಳ ಉಗುರಿನಿಂದ ಒತ್ತಿದ. ಸಿಪ್ಪೆಗೆ ಸಿಪ್ಪೆ ಅಂಟಿತು. ಒಳಗೆ ಏನೂ ಇರಲಿಲ್ಲ. ಇನ್ನೊಂದನ್ನು ಒತ್ತಿದ, ಮತ್ತೊಂದನ್ನು ಒತ್ತಿದ. ಬೇರೆ ಬಕೆಟ್ಟಿನ ಕದಿರು ಹಿಡಿದು ನೋಡಿದ. ಐದು ಬಕೆಟ್ಟಿನಲ್ಲೂ ಅದೇ ಕತೆ.

ವಾಚ್‌ಮನ್ ಕುಂಞಾಲಿ ನೀರಿನ ಪೈಪು ಎಳೆದುಕೊಂಡು ಬಂದ. ಕಾಸರಗೋಡು ಕಡೆಯವನು, ಏಪ್ರಿಲಿನಿಂದ ಈ ಬಕೆಟ್ಟುಗಳಿಗೆ ದಿನಕ್ಕೆ ಮೂರು ಹೊತ್ತು ನೀರು ತುಂಬಿಸಿದವನು ಅವನೇ.

"ಎಂತ ಚೆಂದ ಬಂದುಂಟು ಆನ್ಸೆಲ್ಮಣ್ಣ! ಒಂದೂ ತಲೆ ತಗ್ಗಿಸ್ಲಿಲ್ಲ. ಪೊಲೀಸ್ ಪರೇಡಿಗೆ ನಿಂತ ಹಾಗೆ."

"ತಗ್ಗಿಸ್ಬೇಕಿತ್ತು ಕುಂಞಾಲಿ. ಜೊಳ್ಳು ಇದು. ಪೂರಾ ಜೊಳ್ಳು."

ಕುಂಞಾಲಿ ಪೈಪನ್ನು ಕೆಳಗಿಟ್ಟ. ನೀರು ಸಿಮೆಂಟಿನ ಮೇಲೆ ಹರಿದು, ಹರಿದಷ್ಟೇ ಬೇಗ ಆರಿತು. "ಖಲಾಸಾ?" ಎಂದು ಮೆಲ್ಲಗೆ ಕೇಳಿದ.

ಆನ್ಸೆಲ್ಮ್ ಬೆರಳು ಮಡಚಿ ದಿನ ಎಣಿಸಿದ. ಇದು ಆಗಸ್ಟ್ ಹದಿಮೂರು. ಸೆಪ್ಟೆಂಬರ್ ಎಂಟಕ್ಕೆ ತೆನೆಹಬ್ಬ.

ಮಾತೆ ಮರಿಯಮ್ಮನ ಹುಟ್ಟಿದ ದಿನವಾದ ಅಂದು ಕರಾವಳಿಯ ಕ್ರೈಸ್ತರ ಇಗರ್ಜಿಗಳಲ್ಲಿ ಪಾದ್ರಿಗಳು ಹೊಸ ಭತ್ತದ ಕದಿರನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಮನೆಯ ಹಿರಿಯರು ಅದರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಲೆಯ ಮೇಲೆ ತರಕಾರಿಯ ಊಟ. ಅಬುಧಾಬಿಯಲ್ಲಿ ನೆಲೆ ನಿಂತವರೂ ಇದನ್ನು ಬಿಟ್ಟವರಲ್ಲ. ಊರಿನಿಂದ ಆ ವಾರ ಬರುವವರು ಯಾರಾದರೂ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಕದಿರನ್ನು ಪೆಟ್ಟಿಗೆಯಲ್ಲಿ ತರುತ್ತಿದ್ದರು. ಕಳೆದ ವರ್ಷ ಆ ಕಟ್ಟಿಗೆ ಕಾಗದಪತ್ರ ಇಲ್ಲವೆಂದು ಅದು ಏರ್‌ಪೋರ್ಟಿನಲ್ಲೇ ಉಳಿಯಿತು. ಊರವರ ಸಂಘದ ಅಧ್ಯಕ್ಷ ಸೆಡ್ರಿಕ್ ಓಡಿಹೋಗಿ ಮಾಲಿನ ಅಲಂಕಾರದ ಅಂಗಡಿಯಿಂದ ಬಣ್ಣ ಬಳಿದ ಒಣ ಗೋಧಿ ತೆನೆ ತಂದ. ಪಾದ್ರಿಗಳು ಅದನ್ನೇ ಆಶೀರ್ವದಿಸಿದರು. ಜನ ಅದನ್ನು ಮನೆಗೆ ಒಯ್ದು ಹೂದಾನಿಯಲ್ಲಿ ಇಟ್ಟರು. ತಿನ್ನುವಂತಿರಲಿಲ್ಲ, ಎಸೆಯುವಂತೆಯೂ ಇರಲಿಲ್ಲ.

ಏಪ್ರಿಲಿನ ಮೀಟಿಂಗಿನಲ್ಲಿ ಆ ಮಾತು ಬಂದಾಗ ಆನ್ಸೆಲ್ಮ್ ಎದ್ದು ನಿಂತಿದ್ದ. ಮೂವತ್ತೊಂದು ವರ್ಷದಲ್ಲಿ ಯಾವ ಮೀಟಿಂಗಿನಲ್ಲೂ ಬಾಯಿ ತೆರೆಯದ ವೆಲ್ಡಿಂಗ್ ಫೋರ್‌ಮನ್. "ಈ ಸಲದ ಕದಿರು ನಾನು ಕೊಡ್ತೇನೆ. ಇಲ್ಲೇ ಬೆಳೆಸಿ," ಎಂದ. ಜನ ಮೊದಲು ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ಅವನಿಗೆ ನವೆಂಬರಿಗೆ ಅರವತ್ತು. ಕಂಪನಿ ವೀಸಾ ಮುಗಿಸುತ್ತದೆ. ಇಲ್ಲಿ ಇದು ಅವನ ಕೊನೆಯ ತೆನೆಹಬ್ಬ. ಇಪ್ಪತ್ತೆಂಟರವರೆಗೆ ಅಪ್ಪನ ಜೊತೆ ಕೆಸರಿನಲ್ಲಿ ನಿಂತವನು, ಮತ್ತೆ ಕಬ್ಬಿಣವನ್ನಲ್ಲದೆ ಬೇರೇನನ್ನೂ ಮುಟ್ಟಿರಲಿಲ್ಲ. ಕೈಗೆ ಇನ್ನೂ ಆ ಕೆಲಸ ನೆನಪಿದೆಯೋ ಇಲ್ಲವೋ ಎಂಬುದನ್ನು ಹೋಗುವ ಮೊದಲು ತಿಳಿಯಬೇಕೆಂಬ ಆಸೆಯನ್ನು ಅವನು ಯಾರಿಗೂ ಹೇಳಿರಲಿಲ್ಲ.

ಬಿತ್ತನೆಯ ಭತ್ತವೂ ಊರಿನಿಂದ ಬರುವಂತಿರಲಿಲ್ಲ. ಹಕ್ಕಿಗಳ ಅಂಗಡಿಯಲ್ಲಿ ಗಿಳಿಗೆ ಹಾಕುವ ಭತ್ತ ಸಿಗುತ್ತದೆಂದು ಕುಂಞಾಲಿ ಒಂದು ಚೀಲ ತಂದುಕೊಟ್ಟ. ಯಾವ ತಳಿಯೋ, ಎಷ್ಟು ತಿಂಗಳದ್ದೋ ದೇವರೇ ಬಲ್ಲ. ಇಪ್ಪತ್ತು ಲೀಟರಿನ ಖಾಲಿ ಪೇಂಟ್ ಬಕೆಟ್ಟು ತೊಳೆದು, ಮಣ್ಣು ಕಲಸಿ, ಏಪ್ರಿಲ್ ಕೊನೆಗೆ ಐದು ಬಕೆಟ್ಟು ನೆಟ್ಟ. ಮೂರು ವಾರ ಬಿಟ್ಟು ಇನ್ನೂ ಏಳು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂಬ ಲೆಕ್ಕ.

ಈಗ ಅವನು ಆ ಏಳರ ಕಡೆ ತಿರುಗಿದ. ಎಲೆಯ ತೊಟ್ಟಿನೊಳಗೆ ಹೊಡೆ ತುಂಬಿಕೊಂಡಿತ್ತು. ಬೆರಳಿನಿಂದ ಸವರಿದರೆ ಒಳಗೆ ಮಲಗಿದ ಕದಿರು ತಿಳಿಯುತ್ತಿತ್ತು. ಇನ್ನು ನಾಲ್ಕೈದು ದಿನದಲ್ಲಿ ಒಡೆಯುತ್ತದೆ, ಹೂ ಬಿಡುತ್ತದೆ.

ಹೂ. ಅವನು ಅಲ್ಲೇ ಕುಳಿತ. ಊರಿನಲ್ಲಿ ಏಣೆಲಿನ, ಅಂದರೆ ಮಳೆಗಾಲದ ಮೊದಲ ಬೆಳೆಯ, ಪೈರು ಹೂ ಬಿಡುವಾಗ ಅಪ್ಪ ಯಾರನ್ನೂ ಗದ್ದೆಗೆ ಇಳಿಸುತ್ತಿರಲಿಲ್ಲ. ಒಂಬತ್ತರಿಂದ ಹನ್ನೊಂದು ಗಂಟೆಯವರೆಗೆ ಭತ್ತದ ಸಿಪ್ಪೆ ಬಾಯಿ ತೆರೆಯುತ್ತದೆ. ಅಷ್ಟರೊಳಗೆ ಹೂವಿನ ಧೂಳು, ಪರಾಗ, ಬಿದ್ದು ಒಳಗೆ ಕೂಡಿಕೊಳ್ಳಬೇಕು. ಆ ಹೊತ್ತಿನಲ್ಲಿ ಊರಿನಲ್ಲಿ ತುಂತುರು, ಮೋಡದ ಬೆಳಕು. ಇಲ್ಲಿ ಅದೇ ಹತ್ತು ಗಂಟೆಗೆ ಕಬ್ಬಿಣದ ಗೇಟು ಮುಟ್ಟಿದರೆ ಕೈ ಸುಡುತ್ತದೆ. ಧೂಳು ಬೀಳುವ ಮೊದಲೇ ಬೆಂದುಹೋಗಿತ್ತು.

ಬಿಸಿಲಿಗೆ ನೀರು ಸಾಕೆಂದು ತಿಳಿದದ್ದು ಅವನ ತಪ್ಪು. ಬೇರಿಗೆ ತಂಪು ಕೊಟ್ಟಿದ್ದ, ಹೂವಿಗೆ ಕೊಟ್ಟಿರಲಿಲ್ಲ.

"ಕುಂಞಾಲಿ, ನಾಡಿದ್ದು ರಜೆ ಅಲ್ವಾ? ಪಿಕಪ್ ಸಿಗ್ತದಾ?"

"ಎಲ್ಲಿಗೆ?"

"ನಮ್ಮ ಮನೆಗೆ."

*

ಬನಿಯಾಸಿನಲ್ಲಿ ಆನ್ಸೆಲ್ಮನ ಮನೆ ಮೂರನೆಯ ಮಹಡಿ. ಒದ್ದೆ ಗೋಣಿ ಹೊದಿಸಿದ ಏಳು ಬಕೆಟ್ಟುಗಳನ್ನು ಎರಡೆರಡಾಗಿ ಲಿಫ್ಟಿಗೆ ಏರಿಸುತ್ತಿದ್ದಾಗ, ಇಗರ್ಜಿಯಿಂದ ಬಂದ ದನುತಾ ಅದೇ ಲಿಫ್ಟಿಗೆ ಕಾಯುತ್ತ ನಿಂತಿದ್ದಳು. ಪೋಲೆಂಡಿನವಳು, ಆನ್ಸೆಲ್ಮನ ಹೆಂಡತಿ ಜೋಸ್ಫಿನ್ ನರ್ಸಾಗಿರುವ ಆಸ್ಪತ್ರೆಯಲ್ಲೇ ಫಿಸಿಯೋಥೆರಪಿಸ್ಟ್, ಅವರ ಎದುರು ಮನೆಯಲ್ಲೇ ವಾಸ. ಐದು ವರ್ಷದಲ್ಲಿ ಆನ್ಸೆಲ್ಮ್ ಅವಳೊಡನೆ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಮಾತಾಡಿದವನಲ್ಲ. ಅವಳ ಕೈಯಲ್ಲಿ ಪುದೀನ, ಸಬ್ಬಸಿಗೆ, ಯಾವುದೋ ಹಳದಿ ಹೂ ಸೇರಿಸಿ ಕಟ್ಟಿದ ಒಂದು ಗೊಂಚಲಿತ್ತು. ನಡುವೆ ಮೂರು ಒಣ ತೆನೆ.

"ಇದೇನು ಹುಲ್ಲು?" ದನುತಾ ಇಂಗ್ಲಿಷಿನಲ್ಲಿ ಕೇಳಿದಳು.

"ಹುಲ್ಲಲ್ಲ. ಅಕ್ಕಿ."

ಅವಳು ಬಗ್ಗಿ ಎಲೆಯನ್ನು ಮುಟ್ಟಿದಳು. "ಐವತ್ತಾರು ವರ್ಷ ಅಕ್ಕಿ ತಿಂದಿದ್ದೇನೆ, ಹೀಗಿರುತ್ತದೆಂದು ಗೊತ್ತಿರಲಿಲ್ಲ."

ಲಿಫ್ಟು ಮೇಲೇರುವ ಹೊತ್ತಿನಲ್ಲಿ ಅವಳು ತನ್ನ ಗೊಂಚಲಿನ ಕತೆ ಹೇಳಿದಳು. ಅವಳ ಹಳ್ಳಿಯಲ್ಲಿ ಆಗಸ್ಟ್ ಹದಿನೈದಕ್ಕೆ ಸೊಪ್ಪು, ಹೂ, ತೆನೆ ಕಟ್ಟಿ ಮರಿಯಮ್ಮನ ಮುಂದೆ ಇಡುತ್ತಾರೆ. ಈ ಗೊಂಚಲಿನ ತೆನೆ ಮಾತ್ರ ಅವಳ ಅಮ್ಮನ ಪೆಟ್ಟಿಗೆಯದ್ದು, ಇಲ್ಲಿ ಪ್ರತಿ ವರ್ಷ ಅದೇ. ಸೆಪ್ಟೆಂಬರ್ ಎಂಟಕ್ಕೆ ಬಿತ್ತನೆಯ ಬೀಜ ಆಶೀರ್ವದಿಸಿ, ಅದನ್ನು ಉಳಿದ ಬೀಜಕ್ಕೆ ಬೆರೆಸಿದ ಮೇಲೇ ಹೊಲಕ್ಕೆ ಇಳಿಯುವುದು.

"ಎಂಟಕ್ಕೆ?" ಆನ್ಸೆಲ್ಮ್ ಗೋಣಿ ಸರಿಪಡಿಸುವುದನ್ನು ನಿಲ್ಲಿಸಿದ. "ನಮಗೂ ಎಂಟಕ್ಕೇ. ನಾವು ಅಂದು ಹೊಸ ಭತ್ತ ಉಣ್ಣುವುದು."

"ನಾವು ಬಿತ್ತುವುದು, ನೀವು ಉಣ್ಣುವುದು," ಎಂದು ದನುತಾ ನಕ್ಕಳು. "ಒಬ್ಬಳೇ ಅಮ್ಮ. ಅವಳಿಗೆ ಎಷ್ಟು ಕೆಲಸ ನೋಡಿ."

ಜೋಸ್ಫಿನ್ ಬಾಗಿಲು ತೆರೆದವಳು ಬಕೆಟ್ಟು ನೋಡಿ, ಗಂಡನನ್ನು ನೋಡಿ, ಅವನ ಹಿಂದೆ ಬೆವರು ಒರೆಸಿಕೊಳ್ಳುತ್ತಿದ್ದ ಕುಂಞಾಲಿಯನ್ನು ನೋಡಿದಳು.

"ಎಲ್ಲಿಡುವುದು ಇದನ್ನು?"

"ಬೆಡ್‌ರೂಮಿನಲ್ಲಿ. ಅಲ್ಲಿ ಪೂರ್ವದ ಕಿಟಕಿ ಉಂಟು, ಏಸಿಯೂ ಉಂಟು."

"ನಾನು ಎಲ್ಲಿ ಮಲಗ್ಬೇಕು ಮಾರಾಯ್ರೆ?"

"ಹಾಲ್‌ನಲ್ಲಿ. ಹದಿನೈದು ದಿವಸ. ನಾನೂ ಅಲ್ಲೇ."

"ನನ್ನ ಆಪರೇಶನ್ ಆದಾಗ ಎರಡು ದಿವಸ ರಜೆ ಕೇಳ್ಲಿಕ್ಕೆ ನಾಲಿಗೆ ಬರ್ಲಿಲ್ಲ ನಿಮ್ಗೆ. ಈಗ?"

"ಹದಿನೈದು ದಿವಸದ್ದು ಹಾಕಿದೆ," ಎಂದ ಆನ್ಸೆಲ್ಮ್ ನೆಲ ನೋಡುತ್ತ.

ಜೋಸ್ಫಿನ್ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಒಳಗೆ ಹೋಗಿ ಹಾಸಿಗೆ ಸುತ್ತಿದಳು. ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಲು ಕುಂಞಾಲಿ ಕೈಜೋಡಿಸಿದ. "ಭತ್ತಕ್ಕೆ ಏಸಿ ರೂಮು! ನನಗೆ ಎಂಟು ಜನರ ನಡುವೆ ಒಂದು ಫ್ಯಾನು," ಎಂದು ಹೇಳಿ, ಚಹಾ ಕುಡಿದು ಹೋದ.

*

ಆ ದಿನಗಳಲ್ಲಿ ಬೆಳಿಗ್ಗೆ ಕಿಟಕಿಯ ಹೊರಗಿನ ಗಾಜು ಬೆವರುತ್ತಿತ್ತು. ಹೊರಗಿನ ಸೆಕೆ, ಒಳಗಿನ ತಂಪು. ಎದುರಿನ ಕಟ್ಟಡ, ನೀರಿನ ಟ್ಯಾಂಕಿ, ಮಸೀದಿಯ ಮಿನಾರು, ಎಲ್ಲವೂ ಕರಗಿ ಬರಿಯ ಬಿಳಿಬೆಳಕು ಉಳಿಯುತ್ತಿತ್ತು. ಆ ಬೆಳಕಿನಲ್ಲಿ ಏಳು ಬಕೆಟ್ಟಿನ ಹಸಿರು ನಿಂತಿರುತ್ತಿತ್ತು. ಆನ್ಸೆಲ್ಮ್ ಬಾಗಿಲ ಹತ್ತಿರ ಚಾಪೆ ಹಾಕಿ ಕೂರುತ್ತಿದ್ದ. ಏಸಿಯ ಗಾಳಿ ನೇರ ಬೀಳದಂತೆ ಬೆಡ್‌ಶೀಟೊಂದನ್ನು ಅಡ್ಡ ಕಟ್ಟಿದ್ದ.

ಹತ್ತೊಂಬತ್ತಕ್ಕೆ ಹೊಡೆ ಒಡೆಯಿತು. ಮರುದಿನ ಒಂಬತ್ತೂವರೆಗೆ ಮೊದಲ ಹೂ ಬಾಯಿ ತೆರೆದದ್ದನ್ನು ಅವನು ಕಣ್ಣಾರೆ ಕಂಡ. ತುದಿಯ ಕಾಳಿನ ಸಿಪ್ಪೆ ಎರಡಾಗಿ ಸರಿದು ಹೊರಗೆ ಬಿಳಿಯ ಎಳೆಗಳು ಇಳಿಬಿದ್ದವು, ಅಷ್ಟೇ. ಅಕ್ಕಿ ತೊಳೆದ ನೀರಿನಂಥ ಒಂದು ವಾಸನೆ, ಇದೆಯೋ ಇಲ್ಲವೋ ಎಂಬಷ್ಟು, ಕೋಣೆಯಲ್ಲಿ ಹರಡಿತು. ತೆಂಗಿನ ಕಡ್ಡಿಯೊಂದರಿಂದ ದಂಟನ್ನು ಮೆಲ್ಲಗೆ ಮುಟ್ಟಿದ. ಧೂಳು ಬಿತ್ತೋ ಇಲ್ಲವೋ ಅವನ ಕಣ್ಣಿಗೆ ಕಾಣಲಿಲ್ಲ. ಅಪ್ಪನಿಗೂ ಕಂಡಿರಲಾರದು. ಅಲ್ಲಿ ಗಾಳಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಡ್ಡಿ ಮಾಡುತ್ತಿತ್ತು.

ಕೂತಲ್ಲೇ ಅವನಿಗೆ ಜೊಂಪು ಹತ್ತುತ್ತಿತ್ತು. ಬಕೆಟ್ಟಿನ ಅಂಚು ಕಾಣದಾಗಿ, ಟೈಲ್ಸಿನ ನೆಲದ ಮೇಲೆ ತೆಳ್ಳಗೆ ನೀರು ಹರಡಿ, ಗೋಡೆಗೆ ನಿಲ್ಲಿಸಿದ ಮಂಚದ ಕಾಲಿಗೆ ಬಂದು ತಾಗುತ್ತಿತ್ತು. ನೀರಿನಲ್ಲಿ ಮೋಡ ಸರಿಯುತ್ತಿತ್ತು. ಕಪಾಟಿನ ಆಚೆ ಯಾರೋ ಗದ್ದೆಯಂಚಿನ ಹುಣಿ ಕಡಿದು ನೀರು ಬಿಡುವ ಸದ್ದು. ಹಾರೆಯ ಮೇಲೆ ಕೈಯಿಟ್ಟು ನಿಂತ ಅಪ್ಪ ಇತ್ತ ನೋಡುತ್ತಿರಲಿಲ್ಲ. ಕರೆಯಬೇಕೆಂದು ಬಾಯಿ ತೆರೆದರೆ ಏಸಿಯ ಸದ್ದು ಮಾತ್ರ ಕೇಳುತ್ತಿತ್ತು. ಆ ಸದ್ದು ನಿಧಾನಕ್ಕೆ ಮಳೆಯಾಗುತ್ತಿತ್ತು, ಮತ್ತೆ ಏಸಿಯಾಗುತ್ತಿತ್ತು.

ಒಂದು ಬೆಳಿಗ್ಗೆ ಕಣ್ಣು ಬಿಟ್ಟಾಗ, ರಾತ್ರಿಪಾಳಿ ಮುಗಿಸಿ ಬಂದ ಜೋಸ್ಫಿನ್ ಯೂನಿಫಾರ್ಮಿನಲ್ಲೇ ಎರಡು ಬಕೆಟ್ಟುಗಳ ನಡುವೆ ಬರಿ ನೆಲದಲ್ಲಿ ಮಲಗಿದ್ದಳು.

"ಏಳ್ಬೇಡಿ," ಎಂದಳು ಕಣ್ಣು ಮುಚ್ಚಿಕೊಂಡೇ. "ನಮ್ಮ ಅತ್ತೆ ಮಾಂಯ್ ಒನಕೆ ಹಿಡಿದು ಬಂದ ಹಾಗಾಯ್ತು. ಸ್ವಲ್ಪ ಹೊತ್ತು ಹೀಗೇ ಇರ್ತೇನೆ."

ದನುತಾ ಡ್ಯೂಟಿ ಇಲ್ಲದ ದಿನ ಹತ್ತು ಗಂಟೆಗೆ ಬರುತ್ತಿದ್ದಳು. ಒಮ್ಮೆ ತನ್ನೂರಿನ ರೀತಿಯಲ್ಲಿ ತಾನೇ ಬೇಯಿಸಿದ ಕಪ್ಪು ಬ್ರೆಡ್ಡು ತಂದಳು; ಆನ್ಸೆಲ್ಮನಿಗೆ ಅದು ಹುಳಿ ಎನಿಸಿತು, ಆದರೂ ಪೂರ್ತಿ ತಿಂದ. ಬಾಗಿಲಿಗೆ ಒರಗಿ ಕೂತು ಅವಳು ಅಜ್ಜಿಯ ಹೊಲದ ಮಾತು ಹೇಳುವಳು. ಅಲ್ಲಿ ತೆನೆ ಹೂ ಬಿಟ್ಟಾಗ ಹೊಲದ ಮೇಲೆ ಹೊಗೆಯಂಥದ್ದು ತೇಲುತ್ತದಂತೆ. ಅಜ್ಜಿ ಮಕ್ಕಳಿಗೆ ಆಗ ಗಟ್ಟಿಯಾಗಿ ಮಾತಾಡಲು ಬಿಡುತ್ತಿರಲಿಲ್ಲವಂತೆ.

"ನಿಮ್ಮ ಅಜ್ಜಿ, ನನ್ನ ಅಪ್ಪ," ಎಂದ ಆನ್ಸೆಲ್ಮ್ ಪಿಸುದನಿಯಲ್ಲಿ. ಇಬ್ಬರೂ ಪಿಸುದನಿಯಲ್ಲೇ ಮಾತಾಡುತ್ತಿದ್ದೇವೆಂದು ಆಗ ಅವರಿಗೆ ಗೊತ್ತಾಯಿತು.

*

ಸೆಪ್ಟೆಂಬರ್ ಒಂದಕ್ಕೆ ಸೆಡ್ರಿಕ್ ಬಂದ. ಅಲ್ ರೀಮ್ ಐಲ್ಯಾಂಡಿನ ಬ್ಯಾಂಕಿನಲ್ಲಿ ಕೆಲಸ, ನಲವತ್ತರ ಪ್ರಾಯ, ಮಾತಾಡುವಾಗಲೂ ಮೊಬೈಲ್ ನೋಡುತ್ತಿದ್ದ. ವರ್ಕ್‌ಶಾಪಿಗೆ ಹೋಗಿ ಆ ಐದು ಬಕೆಟ್ಟಿನ ಫೋಟೋ ತೆಗೆದು, ಆಗಲೇ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿಯೂ ಆಗಿತ್ತು.

"ಆನ್ಸೆಲ್ಮ್ ಬಾಬ್, ನೂರ ಎಂಬತ್ತು ಲೈಕ್! ದುಬೈಯವರು ಕೂಡ ಬರ್ತಾರಂತೆ. ಎಂತ ಹೊಂಬಣ್ಣ! ನಿಮ್ಗೆ ಶಾಲು ಹಾಕ್ಲಿಕ್ಕುಂಟು ಸ್ಟೇಜಿನಲ್ಲಿ."

"ಅದು ಜೊಳ್ಳು ಸೆಡ್ರಿಕ್. ಒಣಗಿ ಆದ ಬಣ್ಣ. ಅದರಲ್ಲಿ ಒಂದು ಕಾಳೂ ಇಲ್ಲ."

ಸೆಡ್ರಿಕ್ ಮೊಬೈಲನ್ನು ಜೇಬಿಗೆ ಹಾಕಿದ. "ಕದಿರು ಕದಿರೇ ಅಲ್ವಾ? ಯಾರು ಸುಲಿದು ನೋಡ್ತಾರೆ ಬಾಬ್? ಕಳೆದ ವರ್ಷ ಪೇಂಟ್ ಹಚ್ಚಿದ ಗೋಧಿ ಕೊಟ್ಟದ್ದು ನಾವು. ಇದು ಅದಕ್ಕಿಂತ ಸಾವಿರ ಪಾಲು ಒಳ್ಳೇದು."

"ಅಂಗಡಿಯ ಗೋಧಿ ಕೊಟ್ಟಾಗ ಇದು ಅಂಗಡಿಯದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಇದನ್ನು ಕೊಟ್ಟರೆ ಆನ್ಸೆಲ್ಮ್ ಬೆಳೆಸಿದ್ದು ಅಂತ ಮನೆಯಲ್ಲಿ ಸುಲೀತಾರೆ. ಮುದುಕಿಯರು ಇದ್ದಾರೆ, ಹಾಲು ಕಾಯಿಸಿ ಇಟ್ಟುಕೊಂಡಿರ್ತಾರೆ."

"ಮತ್ತೆ ಎಂತ ಮಾಡುವುದು? ಈ ಬೆಡ್‌ರೂಮಿನದ್ದು ತುಂಬಿದೆಯಾ?"

"ಒತ್ತಿ ನೋಡ್ಲಿಲ್ಲ."

"ಯಾಕೆ?"

ಆನ್ಸೆಲ್ಮ್ ಕೋಣೆಯ ಬಾಗಿಲನ್ನು ಎಳೆದುಕೊಂಡ. ಜೋಸ್ಫಿನ್ ಅಡುಗೆಮನೆಯಿಂದಲೇ ಹೇಳಿದಳು: "ಹೆದರಿಕೆ. ಹದಿನೇಳು ದಿವಸದಿಂದ ಅದರ ಮುಂದೆ ಕೂತಿದ್ದಾರೆ, ಒಂದು ಕಾಳು ಮುಟ್ಟಿಲ್ಲ. ನಾನು ಒತ್ತಿ ನೋಡ್ತೇನೆ ಅಂದ್ರೆ ನನಗೂ ಬಿಡುವುದಿಲ್ಲ."

"ಹಾಗಾದ್ರೆ ನಾನು ಆ ಹೊಂಬಣ್ಣದ್ದನ್ನು ಆಲ್ಟರಿಗೆ ಬುಕ್ ಮಾಡಿಡ್ತೇನೆ. ಸೇಫ್ಟಿಗೆ," ಎಂದ ಸೆಡ್ರಿಕ್.

"ಬೇಡ," ಎಂದ ಆನ್ಸೆಲ್ಮ್. ಅವನ ದನಿ ಏರಲಿಲ್ಲ. "ಅದನ್ನು ಇವತ್ತೇ ಕಿತ್ತು ಹಾಕ್ಲಿಕ್ಕೆ ಕುಂಞಾಲಿಗೆ ಹೇಳ್ತೇನೆ. ಕಾಳಿಲ್ಲದಿದ್ರೆ ಸ್ಟೇಜಿನಲ್ಲಿ ನಿಂತು ಇಲ್ಲ ಅಂತ ನಾನೇ ಹೇಳುವುದು. ಶಾಲು ಬೇಡ."

ಸೆಡ್ರಿಕ್ ಹೋದ ಮೇಲೆ ಅವನು ನಿಜವಾಗಿಯೂ ಕುಂಞಾಲಿಗೆ ಫೋನು ಮಾಡಿದ. ಅತ್ತ ನಲ್ಲಿ ತಿರುಗಿಸಿ ನಿಲ್ಲಿಸಿದ ಸದ್ದು ಕೇಳಿಸಿತು. "ನಾಲ್ಕು ತಿಂಗಳು ನೀರು ಹಾಕಿದ್ದು ನಾನು," ಎಂದ ಕುಂಞಾಲಿ. "ಗೊತ್ತುಂಟು," ಎಂದ ಆನ್ಸೆಲ್ಮ್. "ಆಯ್ತು, ಕೀಳ್ತೇನೆ," ಎಂದು ಅವನು ಫೋನಿಟ್ಟ.

ಈಗ ಉಳಿದದ್ದು ಮಲಗುವ ಕೋಣೆಯ ಏಳು ಬಕೆಟ್ಟು ಮಾತ್ರ.

ನಾಲ್ಕನೆಯ ತಾರೀಕಿನ ಬೆಳಿಗ್ಗೆ ಗಾಜು ಎಂದಿಗಿಂತ ಹೆಚ್ಚು ಬೆವರಿತ್ತು. ಕೋಣೆಯೊಳಗೆ ಕಾಲಿಟ್ಟ ಆನ್ಸೆಲ್ಮನಿಗೆ ಏನೋ ಬದಲಾಗಿದೆ ಎನ್ನಿಸಿತು. ಏನೆಂದು ಕೂಡಲೇ ತಿಳಿಯಲಿಲ್ಲ. ನಿಂತು ನೋಡಿದ. ಕಿಟಕಿಯ ಹತ್ತಿರದ ಬಕೆಟ್ಟಿನಲ್ಲಿ ಒಂದು ಕದಿರು ಬಾಗಿತ್ತು. ಬಹಳವಲ್ಲ, ಯಾರೋ ಹೆಸರು ಹಿಡಿದು ಕರೆದಾಗ ಕತ್ತು ತಿರುಗಿಸುವಷ್ಟು. ಅದರ ಪಕ್ಕದ್ದೂ ಬಾಗಿತ್ತು.

ಅವನು ಮಂಡಿಯೂರಿದ. ಬಾಗಿದ ಕದಿರಿನ ಒಂದು ಕಾಳನ್ನು ಬೆರಳುಗಳ ನಡುವೆ ತಂದುಕೊಂಡು, ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದ. ಆಮೇಲೆ ಉಗುರು ಊರಿದ. ಸಿಪ್ಪೆಯ ಸೀಳಿನಲ್ಲಿ ಬಿಳಿಯ ಹನಿಯೊಂದು ಮೂಡಿ, ಉಗುರಿನ ಮೇಲೆ ದಪ್ಪಗೆ ನಿಂತಿತು. ಹಾಲು ಗಟ್ಟಿಯಾಗತೊಡಗಿತ್ತು.

"ಜೊಸ್ಸೀ," ಎಂದು ಕರೆದ.

ಅವಳು ಹಲ್ಲುಜ್ಜುತ್ತಲೇ ಬಂದಳು. ಅವನ ಉಗುರು ನೋಡಿದಳು. ಬಾಯಿ ತುಂಬ ನೊರೆ, ಮಾತಾಡುವಂತಿರಲಿಲ್ಲ. ಅವನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಒಳಗೆ ಓಡಿಹೋದಳು.

*

ಎಲ್ಲವೂ ತುಂಬಿರಲಿಲ್ಲ. ಬೆಡ್‌ಶೀಟು ಕಟ್ಟುವ ಮೊದಲು ಏಸಿಯ ಗಾಳಿ ತಾಗಿದ ಎರಡು ಬಕೆಟ್ಟು ಪೂರಾ ಪೊಳ್ಳು. ಉಳಿದವುಗಳಲ್ಲಿ ಅರ್ಧರ್ಧ. ಹಬ್ಬಕ್ಕೆ ಕೊಯ್ಯಲು ಲೆಕ್ಕ ಹಾಕಿದ್ದು ಮೂವತ್ತೊಂಬತ್ತು ಕದಿರು. ಮನೆಗಳು ನೂರ ಅರವತ್ತು.

"ಹಂಚಿದರೆ ಮುಕ್ಕಾಲು ಪಾಲು ಮನೆಗೆ ಸಿಗುವುದಿಲ್ಲ. ಜಗಳ ಆಗ್ತದೆ ಬಾಬ್," ಎಂದ ಸೆಡ್ರಿಕ್ ಫೋನಿನಲ್ಲಿ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಸುಸ್ತಿತ್ತು.

"ಹಂಚುವುದು ಬೇಡ. ಒಂದೇ ಪಾತ್ರೆ ಮಾಡುವ," ಎಂದ ಆನ್ಸೆಲ್ಮ್. "ಎಲ್ಲರದ್ದೂ ಒಂದೇ ಮನೆ ಅಂತ ಇಟ್ಟುಕೊಳ್ಳುವ. ನಮ್ಮ ಅಪ್ಪನ ಕಾಲಕ್ಕೆ ಎಪ್ಪತ್ತು ಜನರ ಮನೆಯಲ್ಲೂ ಒಂದೇ ಕದಿರು ಸುಲೀತಿದ್ದದ್ದು."

ಎಂಟರ ಸಂಜೆ ಮುಸಫ್ಫಾದ ಇಗರ್ಜಿಯಲ್ಲಿ ಬಿಳಿ ಬಟ್ಟೆಯ ಮೇಲೆ ಆ ಮೂವತ್ತೊಂಬತ್ತು ಕದಿರುಗಳನ್ನು ಇಟ್ಟರು. ಹಸಿರು ಇನ್ನೂ ಪೂರ್ತಿ ಹೋಗಿರಲಿಲ್ಲ, ತುದಿಯಲ್ಲಷ್ಟೇ ಹಳದಿ. ಮಕ್ಕಳು ಸಾಲಾಗಿ ಬಂದು ಮರಿಯಮ್ಮನಿಗೆ ಹೂ ಎರಚಿದರು. ಕದಿರುಗಳ ಪಕ್ಕದಲ್ಲೇ ದನುತಾ ಒಂದು ಚಿಕ್ಕ ಬಟ್ಟೆಯ ಗಂಟಿನಲ್ಲಿ ಗೋಧಿಯ ಬೀಜ ಇಟ್ಟಿದ್ದಳು. ಪಾದ್ರಿಗಳು ಎರಡಕ್ಕೂ ಒಂದೇ ಸಲ ಪವಿತ್ರ ಜಲ ಚಿಮುಕಿಸಿದರು.

ಪೂಜೆ ಮುಗಿದ ಮೇಲೆ ಸಂಘದ ಸಭಾಂಗಣದಲ್ಲಿ ಆರು ಜನ ಹೆಂಗಸರು ಸುತ್ತ ಕೂತು ಉಗುರಿನಿಂದ ಕಾಳು ಸುಲಿದರು. ಎಳೆಯ ಅಕ್ಕಿ, ಬಿಳಿಯಲ್ಲಿ ನಸುಹಸಿರು. ದನುತಾಳೂ ಕೂತಳು. ಮೊದಲಿಗೆ ಕಾಳನ್ನು ಜಜ್ಜಿ ಹಾಳು ಮಾಡಿದಳು. "ಹಾಗಲ್ಲಮ್ಮ, ಹೀಗೆ," ಎಂದು ಒಬ್ಬಾಕೆ ಅವಳ ಬೆರಳು ಹಿಡಿದು ತೋರಿಸಿದಳು. ಆನ್ಸೆಲ್ಮ್ ಬಂದು ನಿಂತಾಗ ದನುತಾ ಕೇಳಿದಳು, "ಇದರಲ್ಲಿ ನಾಲ್ಕು ಕಾಳು ನನಗೆ ಕೊಡುತ್ತೀರಾ? ಬಿತ್ತಲು."

"ಇದು ಮೊಳೆಯುವುದಿಲ್ಲ. ಇನ್ನೂ ಎಳತು," ಎಂದ ಅವನು. "ಒಂದು ಬಕೆಟ್ಟಿನಲ್ಲಿ ಆರೇಳು ಕದಿರು ಕೊಯ್ಯದೆ ಬಿಟ್ಟಿದ್ದೇನೆ. ತಿಂಗಳ ಕೊನೆಗೆ ಹಣ್ಣಾಗ್ತದೆ. ಬಕೆಟ್ಟನ್ನೇ ನಿಮ್ಮ ಮನೆಗೆ ಕೊಡ್ತೇನೆ."

"ನನ್ನ ಬೆಡ್‌ರೂಮಿಗಾ?"

"ಹೌದು. ನೀವು ಹಾಲ್‌ನಲ್ಲಿ ಮಲಗಿ," ಎಂದಳು ಜೋಸ್ಫಿನ್ ಪಕ್ಕದಿಂದ.

ಕಾಯಿಹಾಲು, ಬೆಲ್ಲ, ಏಲಕ್ಕಿ ಹಾಕಿದ ದೊಡ್ಡ ಪಾತ್ರೆಗೆ ಹೊಸ ಅಕ್ಕಿಯನ್ನು ಸುರಿಯುವ ಕೆಲಸವನ್ನು ಅಲ್ಲಿದ್ದ ಎಲ್ಲರಿಗಿಂತ ಹಿರಿಯ ಮುದುಕಿಗೆ ಕೊಟ್ಟರು. ಶಾಲಿನ ಮಾತು ಯಾರೂ ಎತ್ತಲಿಲ್ಲ. ಸೆಡ್ರಿಕ್ ತೋಳು ಮಡಚಿ, ಸೌಟು ಹಿಡಿದು, ಕಾಗದದ ಲೋಟಗಳಿಗೆ ಬಡಿಸಲು ನಿಂತ. ಇಷ್ಟು ಹಾಲಿಗೆ ಇಷ್ಟೇ ಅಕ್ಕಿ. ಲೋಟಕ್ಕೆ ಒಂದೋ ಎರಡೋ ಬಂದರೆ ಬಂತು. ಸಭಾಂಗಣದಲ್ಲಿ ನಾನೂರು ಜನರಿದ್ದರು. ಎಲ್ಲರೂ ಲೋಟವನ್ನು ತುಟಿಗಿಟ್ಟು, ನಾಲಿಗೆಯಿಂದ ಅಕ್ಕಿಯ ಕಾಳು ಹುಡುಕುತ್ತಿದ್ದರು. ದೀಪದ ಬೆಳಕಿನಲ್ಲಿ ಅಷ್ಟು ಮುಖಗಳು ಕಣ್ಣು ಅರೆಮುಚ್ಚಿ, ಒಂದೇ ಕನಸಿನೊಳಗೆ ಇಳಿದವರ ಹಾಗೆ ನಿಂತಿದ್ದವು. ಆಮೇಲೆ ಅಲ್ಲೊಬ್ಬರು, ಇಲ್ಲೊಬ್ಬರು "ಸಿಕ್ಕಿತು" ಎನ್ನತೊಡಗಿದರು. ಮಕ್ಕಳು "ಗಾಟ್ ಇಟ್, ಗಾಟ್ ಇಟ್" ಎಂದು ನಾಲಿಗೆ ಚಾಚಿ ಒಬ್ಬರಿಗೊಬ್ಬರು ತೋರಿಸಿದರು.

ಆನ್ಸೆಲ್ಮ್ ಬಾಗಿಲಿನ ಹತ್ತಿರ ನಿಂತು ತನ್ನ ಲೋಟವನ್ನು ನಿಧಾನವಾಗಿ ಕುಡಿದ. ಕಾಯಿಹಾಲು ಮಾತ್ರ. ತಳದವರೆಗೂ ಹುಡುಕಿದ, ಒಂದೂ ಇರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ, ಪಿಕಪ್ಪಿನಲ್ಲಿ ಪಾತ್ರೆ ತಂದುಕೊಟ್ಟ ಕುಂಞಾಲಿ ತನಗೆ ಕೊಟ್ಟ ಲೋಟ ಹಿಡಿದು ಕೂತಿದ್ದ. ಅವನು ಬಾಯೊಳಗೆ ಏನನ್ನೋ ಆಚೀಚೆ ತಿರುಗಿಸಿ, ಹಲ್ಲಿನ ನಡುವೆ ಇಟ್ಟು ಕಡಿದು, ತಲೆಯೆತ್ತಿದ.

"ಆನ್ಸೆಲ್ಮಣ್ಣಾ," ಎಂದು ಕೂಗಿದ, ಒಳಗಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಉಂಟು! ಒಳಗೆ ಅಕ್ಕಿ ಉಂಟು!"